ಹಲ್ಲಾ, ಮಿಲ್ಟನ್, ಕಿಂಗ್ ಎಡ್ವರ್ಡ್: ಬೇರೆ ಬೇರೆ ಕಾಲದ ಕುದುರೆಗಳನ್ನು ಒಂದೇ ತಕ್ಕಡಿಗೆ ಹಾಕಬಹುದಾ?

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂದಾಗ ಕಿಂಗ್ ಎಡ್ವರ್ಡ್ ಎಂಬ ಕುದುರೆಯ ಖಾತೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಇತ್ತು. ಟೋಕಿಯೊ ಒಲಿಂಪಿಕ್ಸ್‌ನ ತಂಡ ಚಿನ್ನ, 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಚಿನ್ನ, 2023 ಮತ್ತು 2024ರ ವಿಶ್ವಕಪ್ ಫೈನಲ್. ಸವಾರ ಸ್ವೀಡನ್ನಿನ ಹೆನ್ರಿಕ್ ಫಾನ್ ಎಕರ್‌ಮನ್ ಆಗ ವಿಶ್ವದ ನಂಬರ್ ಒನ್. ಸವಾರನನ್ನು ಹೊತ್ತು ಅಡೆತಡೆ ಹಾರುವ ಆಟವಾದ ಶೋ ಜಂಪಿಂಗ್‌ನಲ್ಲಿ ಇಂಥ ಕುದುರೆ ಹಿಂದೆ ಬಂದೇ ಇಲ್ಲ ಎಂದು ಹೇಳುವವರು ಜಾಸ್ತಿಯಾಗಿದ್ದರು. ಆದರೆ ವೈಯಕ್ತಿಕ ಫೈನಲ್‌ನಲ್ಲಿ ಅದು ಸುತ್ತನ್ನೇ ಮುಗಿಸಲಿಲ್ಲ. ಚಿನ್ನ ಹೋದದ್ದು ಜರ್ಮನಿಯ ಕ್ರಿಸ್ಟಿಯನ್ ಕುಕುಕ್ ಏರಿದ್ದ ಚೆಕರ್ 47 ಎಂಬ ಕುದುರೆಗೆ.

ಹಾಗಾದರೆ ಆ ಒಂದು ದಿನದಿಂದ ಕಿಂಗ್ ಎಡ್ವರ್ಡ್ ಚಿಕ್ಕದಾಯಿತಾ? 1956ರಲ್ಲಿ ಗೆದ್ದ ಹಲ್ಲಾ, 1990ರ ಸುಮಾರಿಗೆ ಜನರನ್ನು ಹುಚ್ಚು ಹಿಡಿಸಿದ್ದ ಮಿಲ್ಟನ್, ಇವುಗಳ ಪಕ್ಕದಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕು? 2026ರ ವಿಶ್ವ ಚಾಂಪಿಯನ್‌ಶಿಪ್ ಜರ್ಮನಿಯ ಆಖೆನ್‌ನಲ್ಲಿ ಎಂದು ಗೊತ್ತಾದ ಮೇಲಂತೂ ಈ ಚರ್ಚೆಗೆ ಮತ್ತೆ ಕಾವು ಬಂದಿದೆ.

ನಮ್ಮ ಕೊಡಗಿನಲ್ಲಿ ಕುದುರೆ ಕಾಣುವುದೇ ಅಪರೂಪ. ನಮ್ಮದು ಆನೆ ಸೀಮೆ. ಆದರೆ ಜಗಳದ ಈ ಜಾತಿ ನಮಗೆ ಚೆನ್ನಾಗಿ ಗೊತ್ತು. ಕೌಟುಂಬಿಕ ಹಾಕಿ ನಡೆಯುವಾಗ ಗ್ಯಾಲರಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಇದು ಶುರುವಾಗುತ್ತದೆ. ಎಂ.ಪಿ. ಗಣೇಶ್ ದೊಡ್ಡವರೋ, ಎಸ್.ವಿ. ಸುನಿಲ್ ದೊಡ್ಡವರೋ? 1972ರ ಮ್ಯೂನಿಕ್ ಕಂಚಿನ ತಂಡದಲ್ಲಿದ್ದ ಗಣೇಶ್ ಆಡಿದ್ದು ಹುಲ್ಲಿನ ಮೇಲೆ. ಚೆಂಡು ಎಲ್ಲಿ ಪುಟಿಯುತ್ತದೋ ದೇವರಿಗೇ ಗೊತ್ತು. ಅದನ್ನು ನಿಲ್ಲಿಸುವುದೇ ಒಂದು ವಿದ್ಯೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲು ಬಂತು, ಆಟವೇ ಬದಲಾಯಿತು. ಸೋಮವಾರಪೇಟೆಯ ಸುನಿಲ್ ಅವರ ಓಟ, ಆ ವೇಗದಲ್ಲಿ ಚೆಂಡಿನ ಮೇಲಿನ ಹಿಡಿತ, ಇವೆಲ್ಲ ಟರ್ಫ್‌ನ ಆಟ. ಗಣೇಶ್ ಅವರನ್ನು ಟರ್ಫ್ ಮೇಲೆ, ಸುನಿಲ್ ಅವರನ್ನು ಮಳೆ ಬಿದ್ದ ಮೈದಾನದ ಮೇಲೆ ನಿಲ್ಲಿಸಿ ನೋಡುವ ದಾರಿ ಯಾರ ಹತ್ತಿರವೂ ಇಲ್ಲ. ಆದರೂ ಯಾರೂ ಸುಮ್ನೆ ಕೂರುವುದಿಲ್ಲ, ಅಲ್ವಾ?

ಶೋ ಜಂಪಿಂಗ್‌ನಲ್ಲೂ ಆದದ್ದು ಹೀಗೇ. ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಬದಲಾದದ್ದು ನೆಲ ಒಂದೇ ಅಲ್ಲ.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ರೇಸ್ ಅಲ್ಲ. ಕುದುರೆ ಒಂದೊಂದಾಗಿ ಅಂಕಣಕ್ಕೆ ಬರುತ್ತದೆ. ಹನ್ನೆರಡು, ಹದಿಮೂರು ಅಡೆತಡೆಗಳನ್ನು ಹೇಳಿದ ಕ್ರಮದಲ್ಲೇ, ಕೊಟ್ಟ ಸಮಯದೊಳಗೆ ಹಾರಿ ಮುಗಿಸಬೇಕು. ದೊಡ್ಡ ಮಟ್ಟದಲ್ಲಿ ಎತ್ತರ ಸುಮಾರು 1.60 ಮೀಟರ್, ಅಂದರೆ ಐದೂಕಾಲು ಅಡಿ. ಕೆಲವು ಎತ್ತರದ ಜೊತೆಗೆ ಅಗಲವೂ ಇರುತ್ತವೆ. ಒಂದು ನೀರಿನ ಹಳ್ಳ ಇರಬಹುದು. ಮೂರು ಅಡೆತಡೆಗಳನ್ನು ಒಂದರ ಹಿಂದೆ ಒಂದರಂತೆ ಒಂದೆರಡು ಹೆಜ್ಜೆಯ ಅಂತರದಲ್ಲಿ ಇಟ್ಟಿರುತ್ತಾರೆ. ಕೋಲು ಬಿದ್ದರೆ 4 ಫಾಲ್ಟ್, ಅಂದರೆ ತಪ್ಪಿನ ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೂ ಬೀಳದಿದ್ದರೆ, ಸಮಯವೂ ಮೀರದಿದ್ದರೆ ಕ್ಲಿಯರ್ ರೌಂಡ್. ಸಮ ಬಂದರೆ ಚಿಕ್ಕದೊಂದು ಸುತ್ತು, ಅದೇ ಜಂಪ್ ಆಫ್. ಅಲ್ಲಿ ಗಡಿಯಾರವೇ ತೀರ್ಪುಗಾರ. ಟೋಕಿಯೊದಲ್ಲಿ ಬ್ರಿಟನ್ನಿನ ಬೆನ್ ಮಾಹರ್ ಮತ್ತು ಎಕ್ಸ್‌ಪ್ಲೋಷನ್ ಚಿನ್ನ ಗೆದ್ದದ್ದು 0.17 ಸೆಕೆಂಡಿನಲ್ಲಿ.

ಈಗ ಆ ಕೋಲನ್ನು ಹತ್ತಿರದಿಂದ ನೋಡೋಣ. ಇಡೀ ವಾದ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಎರಡು ಕಂಬಗಳ ನಡುವೆ ಬಣ್ಣ ಬಳಿದ ಮರದ ಕೋಲು. ಅದರ ತುದಿಗಳು ಕೂರುವುದು ಕಬ್ಬಿಣದ ಅಥವಾ ಪ್ಲಾಸ್ಟಿಕ್ಕಿನ ಒಂದು ಬಟ್ಟಲಿನಲ್ಲಿ. ಇವತ್ತು ಆ ಬಟ್ಟಲಿನ ಆಳ ಹೆಚ್ಚೆಂದರೆ 2 ಸೆಂಟಿಮೀಟರ್. ಹಲಗೆ, ಗೇಟುಗಳಿಗಾದರೆ ಚಪ್ಪಟೆ ತಟ್ಟೆಯೇ. ಕೋಲುಗಳೂ ಹಗುರ. ಗೊರಸು ತುಸು ತಗುಲಿದರೆ ಸಾಕು, ಉರುಳಿ ಕೆಳಗೆ. ಅಗಲದ ಅಡೆತಡೆಗಳ ಹಿಂದಿನ ಕೋಲಿಗೆ ಸುರಕ್ಷಾ ಬಟ್ಟಲು ಇರುತ್ತದೆ. ಕುದುರೆ ಅದರ ಮೇಲೆಯೇ ಇಳಿದರೆ ಬಟ್ಟಲು ಕಳಚಿಕೊಂಡು ಕೋಲು ಬಿಟ್ಟುಕೊಡುತ್ತದೆ, ಪ್ರಾಣಿಯ ಕಾಲು ಉಳಿಯುತ್ತದೆ.

ಹಿಂದೆ ಹಾಗಿರಲಿಲ್ಲ. ಕೋಲುಗಳು ದಪ್ಪ, ಭಾರ. ಬಟ್ಟಲುಗಳು ಆಳ. ಕುದುರೆ ಚೆನ್ನಾಗಿಯೇ ಬಡಿದರೂ ಕೋಲು ಅಲ್ಲೇ ಕುಣಿದು ಕೂತುಬಿಡುತ್ತಿತ್ತು. ಆದರೆ ಲೆಕ್ಕ ತಪ್ಪಿ ಅದರೊಳಗೆ ಸಿಕ್ಕಿಕೊಂಡರೆ ಕುದುರೆಯೇ ಉರುಳಬೇಕು. ಹಾಗಾಗಿ ಆಗಿನ ಕುದುರೆಗೆ ಬೇಕಿದ್ದದ್ದು ಎದೆಗಾರಿಕೆ, ಬಲ. ಈಗಿನದಕ್ಕೆ ಬೇಕಾದದ್ದು ನಾಜೂಕು. ಕಾಲು ಎಷ್ಟು ಮೇಲೆ ಮಡಿಸುತ್ತದೆ, ತಗಲಿಸಿಕೊಳ್ಳಬಾರದು ಎಂಬ ಹಠ ಎಷ್ಟಿದೆ ಎನ್ನುವುದೇ ಇವತ್ತಿನ ಮೊದಲ ಪರೀಕ್ಷೆ.

ನಿಯಮಗಳೂ ಸರಿದಿವೆ. ಒಂದು ಕಾಲದಲ್ಲಿ ಮುಂಗಾಲಿಗೆ ತಗುಲಿ ಬಿದ್ದರೆ ಶಿಕ್ಷೆ ಜಾಸ್ತಿ, ಹಿಂಗಾಲಿಗೆ ಬಿದ್ದರೆ ಕಡಿಮೆ. ಅಡೆತಡೆಯ ಮುಂದೆ ಕುದುರೆ ಹಠ ಹಿಡಿದು ನಿಂತರೆ ಮೊದಲ ಸಲ 3 ಫಾಲ್ಟ್, ಎರಡನೆಯ ಸಲ 6, ಮೂರನೆಯದಕ್ಕೆ ಹೊರಗೆ. ಈಗ ಮೊದಲನೆಯದಕ್ಕೇ 4, ಎರಡನೆಯದಕ್ಕೆ ಮನೆಗೆ. ಕೊಡುವ ಸಮಯವೂ ಬಿಗಿ. ನೆಲ ನೋಡಿದರೆ ಆಗ ಹುಲ್ಲು, ಮಳೆ ಬಂದರೆ ಕೆಸರು. ಈಗ ಮರಳಿಗೆ ನಾರು ಬೆರೆಸಿ, ನೀರಿನ ಅಂಶ ಅಳೆದು ಮಾಡಿದ ಹಾಸು. ಗೊರಸಿಗೆ ಅದು ಎಷ್ಟು ಹಿತ ಎಂದರೆ ಟೋಕಿಯೊದಲ್ಲಿ ಕಿಂಗ್ ಎಡ್ವರ್ಡ್ ಲಾಳವೇ ಇಲ್ಲದೆ ಹಾರಿತು. ಅದರ ತಂಡದ ಇನ್ನೊಂದು ಕುದುರೆ ಆಲ್ ಇನ್ ಕೂಡ ಹಾಗೇ. 1950ರ ದಶಕದ ಒದ್ದೆ ಹುಲ್ಲಿನಲ್ಲಿ ಹಾಗೆ ಮಾಡುವ ಧೈರ್ಯ ಯಾರಿಗಿತ್ತು?

ಸ್ಪರ್ಧಿಸಲು ಯಾರಿಗೆ ಅವಕಾಶ ಇತ್ತು ಎನ್ನುವ ಪ್ರಶ್ನೆ ಬೇರೆಯೇ ಇದೆ. ಮನೆಗೊಬ್ಬರು ಸೇನೆಯಲ್ಲಿರುವ ನಮ್ಮ ಜಿಲ್ಲೆಯವರಿಗೆ ಈ ಕಥೆ ರುಚಿಸೀತು. 1948ರ ಲಂಡನ್ ಒಲಿಂಪಿಕ್ಸ್‌ವರೆಗೂ ಅಶ್ವ ಸ್ಪರ್ಧೆಗಳು ಹೆಚ್ಚುಕಡಿಮೆ ಸೇನಾಧಿಕಾರಿಗಳ ಸೊತ್ತು. ಸೈನಿಕ, ಹವಾಲ್ದಾರ ಮಟ್ಟದವರಿಗೆ ಪ್ರವೇಶವೇ ಇಲ್ಲ. ಆ ಕೂಟದ ಡ್ರೆಸಾಜ್ ವಿಭಾಗದಲ್ಲಿ, ಅಂದರೆ ಸವಾರ ಹೇಳಿದಂತೆ ಕುದುರೆ ಹೆಜ್ಜೆ ಹಾಕಿ ತೋರಿಸುವ ಸ್ಪರ್ಧೆಯಲ್ಲಿ, ಸ್ವೀಡನ್ ತಂಡ ಚಿನ್ನ ಗೆದ್ದಿತು. ತಂಡದಲ್ಲಿದ್ದ ಗೆನಾಲ್ ಪೆರ್ಸನ್ ಅಸಲಿಗೆ ಸಾರ್ಜೆಂಟ್. ಕೂಟಕ್ಕೆಂದೇ ಲೆಫ್ಟಿನೆಂಟ್ ಮಾಡಿ ಕಳಿಸಿದ್ದರು, ವಾಪಸು ಬಂದ ಮೇಲೆ ಮತ್ತೆ ಸಾರ್ಜೆಂಟ್. ವಿಷಯ ಹೊರಬಿದ್ದು 1949ರಲ್ಲಿ ತಂಡದ ಚಿನ್ನವನ್ನೇ ಕಿತ್ತುಕೊಂಡರು. 1952ರಿಂದ ಬಾಗಿಲು ಎಲ್ಲರಿಗೂ ತೆರೆಯಿತು. ಶೋ ಜಂಪಿಂಗ್‌ಗೆ ಹೆಂಗಸರು ಬಂದದ್ದು 1956ರಲ್ಲಿ. ಅಂದರೆ ಅದಕ್ಕೂ ಹಿಂದಿನ ಚಾಂಪಿಯನ್ ಕುದುರೆಗಳು ಗೆದ್ದದ್ದು ಒಂದು ಸಣ್ಣ ಗುಂಪಿನ ಎದುರು. ಅದು ಕುದುರೆಯ ತಪ್ಪಲ್ಲ, ಆದರೆ ಲೆಕ್ಕ ಹಾಕುವಾಗ ಮರೆಯಬಾರದು.

ಇಷ್ಟೆಲ್ಲ ಬದಲಾದ ಮೇಲೆ ಪದಕ ಎಣಿಸಿ ತೀರ್ಪು ಕೊಡುವುದು ಸುಲಭದ ದಾರಿ, ಆದರೆ ಸರಿಯಾದ ದಾರಿ ಅಲ್ಲ. ಅದು ಎಲ್ಲಿ ಎಡವುತ್ತದೆ ಎಂದು ತೋರಿಸಲು ಮಿಲ್ಟನ್ ಒಂದೇ ಸಾಕು.

ಮಿಲ್ಟನ್ 1977ರಲ್ಲಿ ಹುಟ್ಟಿದ ಬಿಳಿ ಕುದುರೆ. ಕ್ಯಾರೊಲಿನ್ ಬ್ರಾಡ್ಲಿ ಎಂಬ ಬ್ರಿಟಿಷ್ ಸವಾರಳು ಅದನ್ನು ಮರಿಯಿಂದ ತಯಾರು ಮಾಡಿದ್ದಳು. 1983ರಲ್ಲಿ ಅವಳು ಹಠಾತ್ತನೆ ತೀರಿಕೊಂಡಳು. ಕುದುರೆ ಅವಳ ತಂದೆ ತಾಯಿಯ ಪಾಲಾಯಿತು. ಅವರು ಅದನ್ನು ಜಾನ್ ವಿಟೇಕರ್ ಎಂಬ ಸವಾರನ ಕೈಗೆ ಕೊಟ್ಟರು. 1989ರ ಯುರೋಪಿಯನ್ ಚಾಂಪಿಯನ್, 1990ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ, 1990 ಮತ್ತು 1991ರ ವಿಶ್ವಕಪ್. ರೇಸ್ ಬಿಟ್ಟು ಬೇರೆ ಯಾವುದೇ ಕ್ರೀಡೆಯಲ್ಲಿ 10 ಲಕ್ಷ ಪೌಂಡ್ ಬಹುಮಾನ ದಾಟಿದ ಮೊದಲ ಕುದುರೆ ಅದು. ಆದರೆ ಒಲಿಂಪಿಕ್ಸ್ ಪದಕ? ಒಂದೂ ಇಲ್ಲ. 1988ರ ಸೋಲ್ ಕೂಟಕ್ಕೆ ಕಳಿಸಲು ಬ್ರಾಡ್ಲಿಯ ಹೆತ್ತವರು ಒಪ್ಪಲಿಲ್ಲ. ಅಲ್ಲಿ ಅದು ಏನು ಮಾಡುತ್ತಿತ್ತೋ ಯಾರಿಗೂ ಗೊತ್ತಿಲ್ಲ. 1992ರ ಬಾರ್ಸಿಲೋನಾ ಹೊತ್ತಿಗೆ ಅದಕ್ಕೆ 15 ವರ್ಷ. ಪದಕದ ಪಟ್ಟಿ ನೋಡಿದರೆ ಮಿಲ್ಟನ್ ಇಲ್ಲವೇ ಇಲ್ಲ. ಅದು ಹಾರುವುದನ್ನು ನೋಡಿದವರ ಪಟ್ಟಿಯಲ್ಲಿ ಮೊದಲ ಮೂರರ ಕೆಳಗೆ ಇಳಿಯುವುದೇ ಇಲ್ಲ.

ಬಹುಮಾನದ ಹಣ ಎಣಿಸುವುದು ಇನ್ನೂ ಹಾಸ್ಯಾಸ್ಪದ. ವಿಶ್ವಕಪ್ ಫೈನಲ್ ಶುರುವಾದದ್ದೇ 1979ರಲ್ಲಿ. ಗ್ಲೋಬಲ್ ಚಾಂಪಿಯನ್ಸ್ ಟೂರ್ ಎಂಬ ದುಡ್ಡಿನ ಸರಣಿ 2006ರಲ್ಲಿ. ಹಲ್ಲಾ ಆಡಿದ ಕಾಲದಲ್ಲಿ ಇವೆರಡೂ ಇರಲಿಲ್ಲ. ಈಗಿನ ಕುದುರೆ ಚಳಿಗಾಲದಲ್ಲಿ ಒಳಾಂಗಣ, ಬೇಸಿಗೆಯಲ್ಲಿ ಹೊರಾಂಗಣ, ನಡುವೆ ವಿಮಾನ ಹತ್ತಿ ಖಂಡ ದಾಟುತ್ತದೆ.

ಹಾಗಾದರೆ ಬದಲಾಗದ ಅಳತೆ ಯಾವುದಾದರೂ ಇದೆಯಾ? ಎರಡು ಇವೆ.

ಒಂದು, ಎತ್ತರ. 1949ರ ಫೆಬ್ರವರಿ 5ರಂದು ಚಿಲಿಯ ವಿನ್ಯಾ ದೆಲ್ ಮಾರ್‌ನಲ್ಲಿ ಕ್ಯಾಪ್ಟನ್ ಅಲ್ಬೆರ್ತೊ ಲಾರ್ರಾಗಿಬೆಲ್ ಏರಿದ್ದ ಹುವಾಸೊ ಎಂಬ ಕುದುರೆ 2.47 ಮೀಟರ್ ಹಾರಿತು. ಎಂಟು ಅಡಿಗೂ ಒಂದು ಇಂಚು ಮೇಲೆ. ಮೂರನೆಯ ಪ್ರಯತ್ನದಲ್ಲಿ ಆದದ್ದು. ಮುಕ್ಕಾಲು ಶತಮಾನ ಕಳೆದರೂ ಆ ದಾಖಲೆ ಹಾಗೇ ನಿಂತಿದೆ. ಇದನ್ನು ಹಿಡಿದುಕೊಂಡು "ನೋಡಿ, ಹಳೆಯ ಕುದುರೆಗಳೇ ಗಟ್ಟಿ" ಎನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಆ ದಾಖಲೆ ಮುರಿಯಲು ಈಗ ಯಾರೂ ಮನಸ್ಸೇ ಮಾಡುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಕುದುರೆಯ ಕಾಲನ್ನು ಅದಕ್ಕಾಗಿ ಪಣಕ್ಕಿಡುವವರು ಯಾರು? ಒಳಾಂಗಣದ ಗೋಡೆ ಹಾರುವ ಸ್ಪರ್ಧೆಯಲ್ಲಿ ಫ್ರಾಂಕೆ ಸ್ಲೋಟ್‌ಹಾಕ್ 1991ರಲ್ಲಿ 2.40 ಮೀಟರ್ ದಾಟಿದ್ದೇ ಹತ್ತಿರದ ಸಾಧನೆ. ಅಲ್ಲದೆ ಒಂದೇ ಒಂದು ಎತ್ತರ ಹಾರುವುದೇ ಬೇರೆ, ಹದಿಮೂರು ಅಡೆತಡೆಗಳ ನಡುವೆ ತಿರುಗುತ್ತಾ ಹೆಜ್ಜೆ ಉದ್ದ ಮಾಡುತ್ತಾ ಗಿಡ್ಡ ಮಾಡುತ್ತಾ ಹಾರುವುದೇ ಬೇರೆ.

ಎರಡನೆಯದು ನನಗೆ ಹೆಚ್ಚು ಇಷ್ಟ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಹಿಕ್‌ಸ್ಟೆಡ್ ಎಂಬ ಮೈದಾನ ಇದೆ. ಅಲ್ಲಿ 1961ರಿಂದ ಡರ್ಬಿ ಎಂಬ ಜಂಪಿಂಗ್ ಸ್ಪರ್ಧೆ ನಡೆಯುತ್ತಿದೆ, ಇದೂ ರೇಸ್ ಅಲ್ಲ. ಹೆಚ್ಚುಕಡಿಮೆ ಅದೇ ದಾರಿ, ಅದೇ ಅಡೆತಡೆ. ಹತ್ತೂವರೆ ಅಡಿ ಎತ್ತರದ ಮಣ್ಣಿನ ದಿಬ್ಬ ಹತ್ತಿ, ಅದರ ಕಡಿದಾದ ಬದಿಯಿಂದ ಜಾರಿಕೊಂಡು ಇಳಿದು, ತಕ್ಷಣ ಮುಂದಿನ ಬೇಲಿ ಹಾರಬೇಕು. ಟಿವಿಯಲ್ಲಿ ನೋಡುವವರಿಗೇ ಎದೆ ಝಲ್ ಎನ್ನುತ್ತದೆ. ಆರು ದಶಕ ದಾಟಿದರೂ ಅಲ್ಲಿ ಕ್ಲಿಯರ್ ಸುತ್ತುಗಳ ಸಂಖ್ಯೆ ನೂರು ಮುಟ್ಟಿಲ್ಲ. ಐರ್ಲೆಂಡಿನ ಎಡ್ಡಿ ಮ್ಯಾಕನ್ ಮತ್ತು ಬೂಮರಾಂಗ್ ಜೋಡಿ ಅದನ್ನು 1976ರಿಂದ 1979ರವರೆಗೆ ಸತತ ನಾಲ್ಕು ಸಲ ಗೆದ್ದಿತು. ಬೇರೆ ಯಾವ ಪೈಪೋಟಿಯಲ್ಲೂ ಇಷ್ಟು ನೇರವಾದ ಹೋಲಿಕೆ ಸಿಗುವುದಿಲ್ಲ.

ಆದರೆ ಇಲ್ಲೂ ಒಂದು ತೊಡಕು. ಇವತ್ತಿನ ಒಲಿಂಪಿಕ್ ಮಟ್ಟದ ಕುದುರೆಗಳಲ್ಲಿ ಬಹುಪಾಲು ಆ ದಿಬ್ಬದ ಕಡೆ ತಲೆಯೇ ಹಾಕುವುದಿಲ್ಲ. ಅದಕ್ಕಾಗಿಯೇ ತಯಾರಾದ ಕುದುರೆಗಳು ಬೇರೆ ಇವೆ. ತಕ್ಕಡಿ ಇದೆ, ತೂಗಬೇಕಾದವರು ಬರುತ್ತಿಲ್ಲ.

ಹಾಗಾಗಿ ನಾನು ಹಿಡಿಯುವ ಅಳತೆ ಬೇರೆ. ಕುದುರೆಯ ಮೇಲೆ ಒಬ್ಬ ಸವಾರ ಇದ್ದಾನೆ. ಅಡೆತಡೆಗೆ ಎಷ್ಟು ಹೆಜ್ಜೆ, ಎಲ್ಲಿ ಜಿಗಿಯಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಅವನು ಹೇಳುತ್ತಾನೆ. ಗೆಲುವಿನಲ್ಲಿ ಅವನ ಪಾಲು ಎಷ್ಟು, ಕುದುರೆಯ ಪಾಲು ಎಷ್ಟು? ಸವಾರನ ಪಾಲನ್ನು ಕಳೆದ ಮೇಲೂ ಕುದುರೆ ನಿಲ್ಲುತ್ತದೆಯೇ? ಕೋಲಿನ ತೂಕ, ನೆಲ, ನಿಯಮ ಏನೇ ಬದಲಾಗಲಿ, ಈ ಪ್ರಶ್ನೆ 1956ರಲ್ಲೂ ಒಂದೇ, ಈಗಲೂ ಒಂದೇ. ಹಾಗಾಗಿ ಎರಡು ಕಾಲದ ಕುದುರೆಗಳನ್ನು ಒಂದೇ ಅಂಕಣಕ್ಕೆ ತರಲು ಇದೇ ನ್ಯಾಯವಾದ ದಾರಿ.

ಇಲ್ಲಿ ಹಲ್ಲಾ ಬರುತ್ತದೆ. 1945ರಲ್ಲಿ ಹುಟ್ಟಿದ ಹೆಣ್ಣು ಕುದುರೆ. ದೊಡ್ಡ ವಂಶದ್ದೇನಲ್ಲ, ಗಾಡಿ ಓಟದ ಕುದುರೆಗಳ ರಕ್ತ ಅದರಲ್ಲಿತ್ತು. ತುಂಬಾ ಚುರುಕು, ಅಷ್ಟೇ ಕಿರಿಕಿರಿ. ಹಾನ್ಸ್ ಗುಂಟರ್ ವಿಂಕ್ಲರ್ ಎಂಬ ಜರ್ಮನ್ ಸವಾರನ ಕೈಗೆ ಬಂದ ಮೇಲೆ 1954, 1955ರಲ್ಲಿ ಅವನು ವಿಶ್ವ ಚಾಂಪಿಯನ್. 1956ರ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ. ಆದರೆ ಹೊರಗಿನ ಪ್ರಾಣಿಗಳನ್ನು ಬಿಟ್ಟುಕೊಳ್ಳುವ ಬಗ್ಗೆ ಆಸ್ಟ್ರೇಲಿಯಾದ ನಿಯಮ ಬಹಳ ಕಠಿಣ. ಹಾಗಾಗಿ ಅಶ್ವ ಸ್ಪರ್ಧೆಗಳು ಮಾತ್ರ ಜೂನ್‌ನಲ್ಲೇ ಸ್ಟಾಕ್‌ಹೋಮ್‌ನಲ್ಲಿ ನಡೆದವು.

ಮೊದಲ ಸುತ್ತಿನ ಕೊನೆಯ ಹೊತ್ತಿಗೆ ಒಂದು ಜಿಗಿತದಲ್ಲಿ ವಿಂಕ್ಲರ್‌ನ ತೊಡೆ ಸಂದಿನ ಸ್ನಾಯು ಹರಿಯಿತು. ಜೀನಿನ ಮೇಲೆ ಕುದುರೆ ಏರಿ ಇಳಿಯುವಾಗ ಭಾರವೆಲ್ಲ ತಡೆಯುವುದು ಅದೇ ಸ್ನಾಯು. ಮೊಣಕಾಲು ಬಿಗಿ ಹಿಡಿಯಲಾಗದು. ರಿಕಾಪಿನ ಮೇಲೆ ಎದ್ದು ನಿಲ್ಲಲಾಗದು. ಅವನು ಹೊರಗುಳಿದರೆ ತಂಡವೂ ಹೋಯಿತು, ಏಕೆಂದರೆ ಮೂವರ ಅಂಕವೂ ಬೇಕು. ಎರಡನೆಯ ಸುತ್ತಿಗೆ ಅವನನ್ನು ಹತ್ತಿಸಿ ಕೂರಿಸಿದರು. ಅವನಿಂದ ಸಾಧ್ಯವಿದ್ದದ್ದು ಕುದುರೆಯ ಮುಖವನ್ನು ಮುಂದಿನ ಅಡೆತಡೆಯ ಕಡೆ ತಿರುಗಿಸುವುದು ಮಾತ್ರ. ಉಳಿದದ್ದನ್ನೆಲ್ಲ ಹಲ್ಲಾ ಮಾಡಿತು. ಹೆಜ್ಜೆ ತಾನೇ ಎಣಿಸಿತು, ಜಿಗಿಯುವ ಜಾಗ ತಾನೇ ಹುಡುಕಿತು. ಪ್ರತಿ ಜಿಗಿತಕ್ಕೂ ಮೇಲಿದ್ದವನು ನೋವಿನಿಂದ ಕೂಗುತ್ತಿದ್ದ. ಅದಕ್ಕೆ ಬೆದರಿ ಓಡುವ ಸ್ವಭಾವದ ಕುದುರೆ ಅವತ್ತು ಬೆದರಲಿಲ್ಲ. ಒಂದೂ ಕೋಲು ಬೀಳಲಿಲ್ಲ. ಎರಡೂ ಸುತ್ತು ಸೇರಿ 4 ಫಾಲ್ಟ್. ಎರಡನೆಯ ಸ್ಥಾನದ ಇಟಲಿಯ ರೈಮೊಂದೊ ದಿನ್ಸೆಯೊಗೆ 8. ವೈಯಕ್ತಿಕ ಚಿನ್ನ, ತಂಡ ಚಿನ್ನ ಎರಡೂ ಬಂದವು. 1960ರಲ್ಲಿ ರೋಮ್‌ನಲ್ಲಿ ಮತ್ತೊಂದು ತಂಡ ಚಿನ್ನ. ಜರ್ಮನಿಯಲ್ಲಿ ಆಮೇಲೆ ಯಾವ ಸ್ಪರ್ಧಾ ಕುದುರೆಗೂ ಹಲ್ಲಾ ಎಂಬ ಹೆಸರಿಡುವಂತಿಲ್ಲ ಎಂದು ಫೆಡರೇಷನ್ನೇ ನಿರ್ಧರಿಸಿತು.

ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿದ್ದಾರೆ. ಕಥೆ ಚೆನ್ನಾಗಿದೆ, ಹಾಗಾಗಿ ಕುದುರೆ ದೊಡ್ಡದು ಅನಿಸುತ್ತದೆ ಎನ್ನುತ್ತಾರೆ. ನನ್ನ ಪ್ರಕಾರ ಅದು ಕಥೆಯಲ್ಲ, ಪ್ರಯೋಗ. ಸವಾರನ ಕೆಲಸವನ್ನು ತೆಗೆದುಹಾಕಿದರೆ ಕುದುರೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಒಲಿಂಪಿಕ್ ಫೈನಲ್‌ನಲ್ಲೇ ಪರೀಕ್ಷೆ ನಡೆದುಹೋಯಿತು. ಬೇರೆ ಯಾವ ಕುದುರೆಗೂ ಆ ಮಟ್ಟದಲ್ಲಿ ಇಂಥ ಪರೀಕ್ಷೆ ಆಗಿಲ್ಲ.

ಇಷ್ಟು ಕ್ರೂರವಲ್ಲದ, ನಿಯಮದೊಳಗೇ ಇದ್ದ ಒಂದು ಪರೀಕ್ಷೆ ಹಲವು ದಶಕ ನಡೆಯಿತು. ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಗೆ ಉಳಿದ ನಾಲ್ವರು ತಮ್ಮ ಕುದುರೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಕೆಲವೇ ನಿಮಿಷದ ಪರಿಚಯ, ಆಮೇಲೆ ಇನ್ನೊಬ್ಬರ ಕುದುರೆಯ ಮೇಲೆ ಫೈನಲ್. 2010ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹೀಗೆ ನಾಲ್ವರ ಕೈ ದಾಟಿ ಶ್ರೇಷ್ಠ ಕುದುರೆ ಎನಿಸಿಕೊಂಡದ್ದು ಕೆನಡಾದ ಎರಿಕ್ ಲಮೇಜ್‌ನ ಹಿಕ್‌ಸ್ಟೆಡ್. ಮೇಲೆ ಹೇಳಿದ ಮೈದಾನದ ಹೆಸರೇ ಈ ಕುದುರೆಗೂ, ಗೊಂದಲ ಬೇಡ. 2008ರ ಒಲಿಂಪಿಕ್ ಚಿನ್ನವೂ ಅದರದ್ದೇ. 2011ರ ನವೆಂಬರ್‌ನಲ್ಲಿ ಇಟಲಿಯ ವೆರೋನಾದಲ್ಲಿ ಸುತ್ತು ಮುಗಿಸಿದ ಕೂಡಲೇ ಅಂಕಣದಲ್ಲೇ ಕುಸಿದು ಸತ್ತಿತು. ಕುದುರೆ ಬದಲಾಯಿಸುವ ಪದ್ಧತಿಯನ್ನು 2014ರ ನಂತರ ಕೈಬಿಟ್ಟರು. ಪ್ರಾಣಿಗೆ ಒತ್ತಡ ಜಾಸ್ತಿ, ಮಾಲೀಕರಿಗೂ ಇಷ್ಟವಿಲ್ಲ. ಕಾರಣ ಒಪ್ಪಬಹುದಾದದ್ದೇ. ಆದರೆ ಅದರ ಜೊತೆ ನಮ್ಮ ಕೈಯಲ್ಲಿದ್ದ ಒಳ್ಳೆಯ ಅಳತೆಗೋಲೂ ಹೋಯಿತು.

ರಟೀನಾ ಝಡ್ ಎಂಬ ಹೆಣ್ಣು ಕುದುರೆಯದ್ದು ಇದೇ ಲೆಕ್ಕದಲ್ಲಿ ಬಲವಾದ ದಾಖಲೆ. 1992ರಲ್ಲಿ ಡಚ್ ಸವಾರ ಪೀಟ್ ರೇಮೇಕರ್ಸ್ ಜೊತೆ ತಂಡ ಚಿನ್ನ, ವೈಯಕ್ತಿಕ ಬೆಳ್ಳಿ. 1996ರಲ್ಲಿ ಜರ್ಮನಿಯ ಲುಡ್ಗರ್ ಬೇರ್‌ಬಾಮ್ ಜೊತೆ ಮತ್ತೆ ತಂಡ ಚಿನ್ನ. ದೇಶ ಬೇರೆ, ಸವಾರ ಬೇರೆ, ಕುದುರೆ ಒಂದೇ. ಇದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ. ಇನ್ನೊಂದು ವಿಷಯ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಚೆಕರ್ 47ರ ತಂದೆ ಕಾಮ್ ಇಲ್ ಫೋ, ಆ ತಂದೆಯ ತಾಯಿ ಇದೇ ರಟೀನಾ.

ತಳಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಹಳೆಯ ಮತ್ತು ಹೊಸ ಕುದುರೆಗಳ ನಡುವಿನ ದೊಡ್ಡ ಅಂತರ ಇಲ್ಲಿದೆ. ಹಿಂದೆ ಚಾಂಪಿಯನ್ ಎಲ್ಲಿಂದಲೋ ಬರುತ್ತಿತ್ತು. 1956ರಲ್ಲಿ ಹ್ಯಾರಿ ಡಿ ಲೇಯರ್ ಎಂಬಾತ ಕಸಾಯಿಖಾನೆಗೆ ಹೊರಟಿದ್ದ ಲಾರಿಯಿಂದ 80 ಡಾಲರ್ ಕೊಟ್ಟು ಇಳಿಸಿಕೊಂಡ ಸ್ನೋಮ್ಯಾನ್, ಎರಡೇ ವರ್ಷದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಾಂಪಿಯನ್. 1968ರ ಮೆಕ್ಸಿಕೊದಲ್ಲಿ ಬೆಳ್ಳಿ ಗೆದ್ದ ಸ್ಟ್ರೋಲರ್ ಕುದುರೆಯೇ ಅಲ್ಲ, ಲೆಕ್ಕಕ್ಕೆ ತಟ್ಟು. ಭುಜದ ಎತ್ತರ ಸುಮಾರು 1.45 ಮೀಟರ್. ತನಗಿಂತ ಎತ್ತರದ ಅಡೆತಡೆಗಳನ್ನು ಹಾರಿ, ಇಡೀ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಎರಡೇ ಎರಡು ಕ್ಲಿಯರ್ ಸುತ್ತುಗಳಲ್ಲಿ ಒಂದನ್ನು ಅದು ಕೊಟ್ಟಿತು. ಸವಾರಳು ಮರಿಯನ್ ಕೋಕ್ಸ್, ಶೋ ಜಂಪಿಂಗ್‌ನ ವೈಯಕ್ತಿಕ ಒಲಿಂಪಿಕ್ ಪದಕ ಗೆದ್ದ ಮೊದಲ ಮಹಿಳೆ. 1988ರ ಸೋಲ್ ಚಿನ್ನದ ಜಾಪಲೂಪ್ ಕೂಡ 1.58 ಮೀಟರಿನ ಪುಟ್ಟ ಕುದುರೆ. 1984ರ ಚಿನ್ನದ ಟಚ್ ಆಫ್ ಕ್ಲಾಸ್ ರೇಸಿನಲ್ಲಿ ಓಡಿ ಬಂದದ್ದು. ಅಲ್ಲಿ ಅದು 91 ಜಿಗಿತಗಳಲ್ಲಿ 90ನ್ನು ಕೋಲು ಬೀಳಿಸದೆ ಮುಗಿಸಿತು.

ಇವತ್ತು ಹೀಗೆ ದಾರಿಯಲ್ಲಿ ಸಿಕ್ಕ ಕುದುರೆ ಮೇಲೆ ಬರುವುದು ಕಷ್ಟ. ನಾಲ್ಕಾರು ತಲೆಮಾರು ಹಾರುವುದಕ್ಕೆಂದೇ ಆಯ್ದು ಬೆಳೆಸಿದ ತಳಿಗಳು ಇವೆ. ಶೀತಲೀಕರಿಸಿದ ವೀರ್ಯ ಇದೆ, ಭ್ರೂಣ ವರ್ಗಾವಣೆ ಇದೆ. 1988ರ ಬೆಳ್ಳಿ ವಿಜೇತ ಜೆಮ್ ಟ್ವಿಸ್ಟ್ ಬೀಜ ಒಡೆದ ಕುದುರೆ, ಮರಿ ಹುಟ್ಟಿಸುವಂತಿಲ್ಲ. ಹಾಗಾಗಿ ಅದರ ಕ್ಲೋನ್ ಮಾಡಿಸಿದರು, 2008ರಲ್ಲಿ ಮೊದಲ ಮರಿ ಹುಟ್ಟಿತು. 2012ರಿಂದ ಕ್ಲೋನ್ ಕುದುರೆಗಳು ಅಂತರರಾಷ್ಟ್ರೀಯ ಸ್ಪರ್ಧೆಗೂ ಬರಬಹುದು. ಪರಿಣಾಮ ಏನೆಂದರೆ ಮೇಲಿನ ಮಟ್ಟದ ಕುದುರೆಗಳ ನಡುವೆ ಅಂತರವೇ ಉಳಿದಿಲ್ಲ. ಈಗ ಅರ್ಹತಾ ಸುತ್ತಿನಲ್ಲಿ ಒಂದು ಡಜನ್ ಮೀರಿ ಕ್ಲಿಯರ್ ಬರುವುದು ಮಾಮೂಲು. ಹಾಗಾದರೆ ಈಗ ಸುಲಭ ಎಂದಲ್ಲ, ಎಲ್ಲರೂ ಒಳ್ಳೆಯವರು ಎಂದು. ಇಂಥ ಗುಂಪಿನಲ್ಲಿ ಒಂದೇ ಕುದುರೆ ವರ್ಷಗಟ್ಟಲೆ ಮೇಲೆ ಉಳಿಯುವುದೇ ಅಸಾಮಾನ್ಯ.

ಕಿಂಗ್ ಎಡ್ವರ್ಡ್ ಪರವಾಗಿ ಇರುವ ಅತಿ ದೊಡ್ಡ ವಾದ ಇದೇ. ಟೋಕಿಯೊದಲ್ಲಿ ವೈಯಕ್ತಿಕ ಮತ್ತು ತಂಡ ಎರಡರಲ್ಲೂ ಅದು ಒಂದೂ ಕೋಲು ಬೀಳಿಸಲಿಲ್ಲ. ಆದರೂ ವೈಯಕ್ತಿಕದಲ್ಲಿ ನಾಲ್ಕನೆಯ ಸ್ಥಾನ, ಬರೀ ಗಡಿಯಾರದ ಲೆಕ್ಕದಲ್ಲಿ. ಹಲ್ಲಾ 4 ಫಾಲ್ಟ್‌ಗೆ ಚಿನ್ನ ಗೆದ್ದಿತು, ಇದು ಸೊನ್ನೆ ಫಾಲ್ಟ್‌ಗೆ ಬರಿಗೈಯಲ್ಲಿ ಬಂತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪೈಪೋಟಿ ಎಷ್ಟು ಬಿಗಿಯಾಗಿದೆ ಎಂದು ತಿಳಿಯುತ್ತದೆ.

ಸೋಲಿನ ಬಗ್ಗೆಯೂ ಒಂದು ಮಾತು. ಪ್ಯಾರಿಸ್ ಒಂದನ್ನೇ ಹಿಡಿದು ಅದನ್ನು ಕೆಳಗಿಳಿಸುವುದಾದರೆ ಬಾಲೂಬೆ ದು ರೂಎ ಕಥೆ ಏನು? 1998, 1999, 2000, ಸತತ ಮೂರು ವಿಶ್ವಕಪ್ ಗೆದ್ದ ಏಕೈಕ ಕುದುರೆ. ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿ ಎಲ್ಲರೂ ಚಿನ್ನ ಅದರದ್ದೇ ಎಂದುಕೊಂಡಿದ್ದಾಗ ಅಡೆತಡೆಯ ಮುಂದೆ ನಿಂತುಬಿಟ್ಟಿತು. 2004ರ ಅಥೆನ್ಸ್‌ನಲ್ಲಿ ಎರಡನೆಯದಾಗಿ ಬಂದದ್ದು, ಮೊದಲ ಸ್ಥಾನದ ಕುದುರೆ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಚಿನ್ನ ಪಡೆಯಿತು. ಕುದುರೆಗೂ ಬೇಡದ ದಿನ ಇರುತ್ತದೆ. ಅದಕ್ಕೆ ಫೈನಲ್ ಎಂದು ಗೊತ್ತಿರುವುದಿಲ್ಲ.

ಈ ಮಟ್ಟದ ಶೋ ಜಂಪಿಂಗ್‌ನಲ್ಲಿ ಭಾರತದ ಹೆಸರು ಇನ್ನೂ ಇಲ್ಲ. ನಮ್ಮ ರಾಜ್ಯದ ಮಟ್ಟಿಗೆ ಹತ್ತಿರದ ಕೊಂಡಿ ಬೆಂಗಳೂರಿನ ಫವಾದ್ ಮಿರ್ಜಾ. ಅವರದ್ದು ಈವೆಂಟಿಂಗ್, ಮೂರು ಬಗೆಯ ಪರೀಕ್ಷೆಗಳ ಸ್ಪರ್ಧೆ, ಕೊನೆಯದು ಶೋ ಜಂಪಿಂಗೇ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ, ಟೋಕಿಯೊದಲ್ಲಿ ಸೆನ್ಯೋರ್ ಮೆಡಿಕಾಟ್ ಕುದುರೆಯ ಮೇಲೆ 23ನೇ ಸ್ಥಾನ. ಆ ಸ್ಪರ್ಧೆಯ ಕೊನೆಯ ದಿನ ನೋಡಿದವರಿಗೆ ಇಲ್ಲಿ ಬರೆದ ಕೋಲು, ಬಟ್ಟಲು, ಹೆಜ್ಜೆ ಲೆಕ್ಕವೆಲ್ಲ ಅರ್ಥವಾಗುತ್ತದೆ.

ಕೊನೆಗೆ ನನ್ನ ಪಟ್ಟಿ ಕೇಳಿದರೆ, ಹಲ್ಲಾ ಮೊದಲು. ಪದಕಕ್ಕಾಗಿ ಅಲ್ಲ, ಸ್ಟಾಕ್‌ಹೋಮ್‌ನ ಆ ಎರಡನೆಯ ಸುತ್ತಿಗಾಗಿ. ಅದರ ಮರಿಗಳು ಯಾವುವೂ ಹೆಸರು ಮಾಡಲಿಲ್ಲ ಎಂದು ತಳಿ ತಜ್ಞರು ಅಂಕ ಕಡಿಯುತ್ತಾರೆ, ಅದು ಬೇರೆ ಲೆಕ್ಕ. ಎರಡನೆಯದು ಕಿಂಗ್ ಎಡ್ವರ್ಡ್, ಮೂರನೆಯದು ಮಿಲ್ಟನ್, ಅದರ ಬೆನ್ನಿಗೇ ಹಿಕ್‌ಸ್ಟೆಡ್ ಮತ್ತು ರಟೀನಾ. ಕಿಂಗ್ ಎಡ್ವರ್ಡ್ ಮೇಲೆ ಹೋಗದಿರಲು ಒಂದೇ ಕಾರಣ. ಫಾನ್ ಎಕರ್‌ಮನ್ ಅಷ್ಟು ಅಚ್ಚುಕಟ್ಟಾದ ಸವಾರ, ಅವನ ಪಾಲನ್ನು ಕಳೆದು ಕುದುರೆಯನ್ನು ನೋಡುವ ಅವಕಾಶವೇ ನಮಗೆ ಸಿಕ್ಕಿಲ್ಲ. ಕುದುರೆ ಬದಲಾಯಿಸುವ ಫೈನಲ್ 2022ರಲ್ಲೂ ಇದ್ದಿದ್ದರೆ ಈ ಪಟ್ಟಿಯ ಮೊದಲ ಸಾಲು ಬೇರೆ ಇರುತ್ತಿತ್ತೋ ಏನೋ. 2010ರಲ್ಲಿ ಹುಟ್ಟಿದ ಆ ಕುದುರೆಗೆ ಆಖೆನ್ ಹೊತ್ತಿಗೆ 16 ವರ್ಷ.